ಓಗೊಡುವ ನಾದಯಂತ್ರ

ಬೈಲಹೊಂಗಲ, ಸವದತ್ತಿಗಳ ಸೀಮೆಯಲ್ಲಿ ಗೀಗೀ ಪದಗಳನ್ನು ಕೇಳಿದವರಿಗೆ ಹಿಮ್ಮೇಳದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯ ಗಾಯಕರು ದಪ್ಪು ಬಾರಿಸುತ್ತ ಒಂದು ನುಡಿಯನ್ನು ಮುಗಿಸುವಷ್ಟರಲ್ಲಿ ಹಿಂದಿನವರು ತುಂತುಣಿಯೊಡನೆ ‘ಗೀ ಗೀ’ ಎಂದು ದನಿಗೂಡಿಸಬೇಕು. ದನಿ ಬಾರದಿದ್ದರೆ ಗಾಯಕರು ತಿರುಗಿ ನೋಡುತ್ತಾರೆ. ಗಣಕಯಂತ್ರದಲ್ಲಿ ನಾದವನ್ನು ಹುಟ್ಟಿಸುವ ತಂತ್ರಾಂಶದಲ್ಲಿಯೂ ಇಂಥದೊಂದು ಏರ್ಪಾಡು ಉಂಟು.

ಜೇಮ್ಸ್ ಮೆಕಾರ್ಟ್ನಿ ಎಂಬವರು 1996ರಲ್ಲಿ ಹೊರತಂದ ‘ಸೂಪರ್‌ಕೊಲೈಡರ್’ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಇಂದು ಅದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದರ ಮೂರನೆಯ ಆವೃತ್ತಿಯಲ್ಲಿ ಕೆಲಸವು ಎರಡು ಪಾಲಾಗಿದೆ. ನಾವು ಬರೆದ ಆಜ್ಞೆಗಳನ್ನು ಅರ್ಥೈಸುವುದು ಒಂದು ಭಾಗ. ನಾದದ ಅಲೆಯನ್ನು ಸೆಕೆಂಡಿಗೆ 44,100 ಅಥವಾ 48,000 ಬಿಂದುಗಳಾಗಿ ಲೆಕ್ಕಹಾಕಿ ಧ್ವನಿವರ್ಧಕದ ಕಡೆಗೆ ಕಳುಹಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಸರ್ವರ್ ಎಂದು ಹೆಸರು. ಇವೆರಡೂ ಸಂದೇಶಗಳ ಮೂಲಕವೇ ಮಾತನಾಡುತ್ತವೆ. ಬೇಕಾದರೆ ಬೇರೆ ಬೇರೆ ಗಣಕಗಳಲ್ಲಿಯೂ ಇರಬಹುದು. ಆಜ್ಞೆಯ ಭಾಗವು ತೊಡರಿಕೊಂಡರೂ ನಾದ ನಿಲ್ಲದು, ಇದು ಲಾಭ. ಆದರೆ ಒಂದರ ಅವಸ್ಥೆ ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ.

ಹಾಡಿನ ಅಭ್ಯಾಸಕ್ಕೆಂದು ತುಂತುಣಿಯ ಶ್ರುತಿಯನ್ನು ಈ ಯಂತ್ರದಿಂದ ನುಡಿಸುತ್ತಿದ್ದೇವೆಂದು ಭಾವಿಸೋಣ. ಶ್ರುತಿ ಥಟ್ಟನೆ ನಿಂತಿತು. ಸರ್ವರ್ ಸುಮ್ಮನಿದೆಯೋ, ಸತ್ತಿದೆಯೋ? ಕಿವಿಗೆ ಎರಡೂ ಒಂದೇ. ಆದುದರಿಂದ ಆಜ್ಞೆಯ ಭಾಗವು 0.7 ಸೆಕೆಂಡಿಗೊಮ್ಮೆ ‘ನಿನ್ನ ಸ್ಥಿತಿ ಏನು?’ ಎಂದು ಕೇಳುತ್ತಲೇ ಇರುತ್ತದೆ. ಎಷ್ಟು ನಾದಗಳು ನಡೆಯುತ್ತಿವೆ, ಸಂಸ್ಕಾರಕದ ಮೇಲೆ ಶೇಕಡಾ ಎಷ್ಟು ಹೊರೆ ಬಿದ್ದಿದೆ ಎಂಬಿವೇ ಮೊದಲಾದ ಅಂಕಿಗಳನ್ನು ಸರ್ವರ್ ಮರಳಿಸುತ್ತದೆ. ಸಾಮಾನ್ಯವಾಗಿ ಈ ಸಂದೇಶಗಳನ್ನು ಒಯ್ಯುವ ‘ಯುಡಿಪಿ’ ಪದ್ಧತಿಯಲ್ಲಿ ಅವು ತಲುಪಿಯೇ ತೀರುತ್ತವೆಂಬ ಭರವಸೆ ಇಲ್ಲ. ಅದಕ್ಕೆಂದೇ ಒಂದು ಉತ್ತರ ತಪ್ಪಿದ ಮಾತ್ರಕ್ಕೆ ಗಾಬರಿಯಿಲ್ಲ. ಸಾಲಾಗಿ 5 ಪ್ರಶ್ನೆಗಳು, ಅಂದರೆ ಸುಮಾರು ಮೂರೂವರೆ ಸೆಕೆಂಡು, ವ್ಯರ್ಥವಾದ ಮೇಲೆಯೇ ಸರ್ವರ್ ಓಗೊಡುತ್ತಿಲ್ಲವೆಂದು ಗುರುತಿಸಲಾಗುತ್ತದೆ. ಈ ತಾಳ್ಮೆ ಯೋಗ್ಯವಾದುದೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಗಮನಿಸಬೇಕು. ಉತ್ತರಗಳು ನಿಮಿಷಕ್ಕೆ ಸುಮಾರು 85 ಬಾರಿ ಬರುತ್ತವೆ. ಸ್ಥಿತಿಯ ಬದಲಾವಣೆಯಾದರೋ ಅಪರೂಪ. ಪ್ರತಿ ಉತ್ತರಕ್ಕೂ ಶ್ರುತಿಯನ್ನು ಹೊಸದಾಗಿ ಆರಂಭಿಸುವಂತೆ ಬರೆದರೆ ನಿಮಿಷದೊಳಗೆ 85 ತುಂತುಣಿಗಳು ಒಟ್ಟಿಗೆ ಮೊರೆದಾವು! ಆದುದರಿಂದ ನಮ್ಮ ಕಾರ್ಯಕ್ರಮವನ್ನು ಬದಲಾವಣೆಯ ಕೇಳುಗನೆಂದು ನೋಂದಾಯಿಸುತ್ತೇವೆ. ನಿಂತಿದ್ದ ಸರ್ವರ್ ಎದ್ದಾಗ, ಎದ್ದದ್ದು ನಿಂತಾಗ ಮಾತ್ರ ಅದಕ್ಕೆ ಸುದ್ದಿ ಮುಟ್ಟುತ್ತದೆ.

ಸುದ್ದಿ ಬಂದೊಡನೆ ಮಾಡುವ ಕೆಲಸಕ್ಕೂ ಕ್ರಮ ಉಂಟು. ಸರ್ವರ್ ಸತ್ತಾಗ ಅದರ ಸ್ಮೃತಿಯಲ್ಲಿದ್ದ ಧ್ವನಿಮಾದರಿಗಳೂ ನುಡಿಯುತ್ತಿದ್ದ ನಾದಗಳೂ ಅಳಿದುಹೋಗಿರುತ್ತವೆ. ಮೊದಲು ತುಂತುಣಿಯ ನಾದರಚನೆಯನ್ನು ಮತ್ತೆ ಕಳುಹಿಸಿ, ಅದು ತಲುಪಿತೆಂಬ ಒಪ್ಪಿಗೆ ಬಂದ ಮೇಲೆ ಶ್ರುತಿಯನ್ನು ಹೊರಡಿಸಬೇಕು. ಕ್ರಮ ತಪ್ಪಿದರೆ ಜೀವಂತವಾಗಿರುವ ಸರ್ವರ್ ಕೂಡ ಮೌನವಾಗಿಯೇ ಇರುತ್ತದೆ. ಇನ್ನು ಧ್ವನಿವರ್ಧಕದ ತಂತಿ ಕಳಚಿದ್ದರೆ ಅದನ್ನು ಈ ಉತ್ತರಗಳು ತಿಳಿಸಲಾರವು. ಅದನ್ನು ನಾವೇ ಎದ್ದುಹೋಗಿ ನೋಡಬೇಕು.