ಸೈರನ್ ಕೂಗಿದಾಗ ನಮ್ಮ ಮಕ್ಕಳು

2025ರ ಮೇ 7ರಂದು ಸಂಜೆ ನಾಲ್ಕಕ್ಕೆ ಕೇರಳದ ಹದಿನಾಲ್ಕೂ ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ಜರುಗಿತು. ಕಾಸರಗೋಡೂ ಅದರಲ್ಲಿ ಸೇರಿತ್ತು. ಏರಿಳಿಯುವ ಸೈರನ್ ಅಪಾಯದ ಸೂಚನೆ, ಒಂದೇ ಸಮನೆ ಕೂಗುವುದು ಅಪಾಯ ಕಳೆದುದರ ಸೂಚನೆ. ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಲ್ಲಿ ಎಷ್ಟು ಮಂದಿ ಇದನ್ನು ಹೇಳಿಯಾರು?

ಯುದ್ಧದ ಮಾತು ದೂರದ್ದೆಂದರೂ ಬೆಂಕಿ ದೂರದ್ದಲ್ಲ. 2024ರ ಅಕ್ಟೋಬರ್ 28ರ ಮಧ್ಯರಾತ್ರಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ನೋಡಲು ಜನ ನೆರೆದಿದ್ದಾಗ, ಪಕ್ಕದಲ್ಲೇ ಕೂಡಿಟ್ಟ ಪಟಾಕಿಗೆ ಕಿಡಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವರು ಚಿಕಿತ್ಸೆ ಫಲಿಸದೆ ಅಸುನೀಗಿದರು. 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಅಡುಗೆ ಅನಿಲದ ಟ್ಯಾಂಕರ್ ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಅನಿಲ ಸೋರಿದ್ದಕ್ಕೂ ಬೆಂಕಿ ಹತ್ತಿದ್ದಕ್ಕೂ ನಡುವೆ ತುಸು ಹೊತ್ತಿತ್ತು. ಆ ತುಸು ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಉಪನ್ಯಾಸ ಕೇಳಿ ಬರುವುದಿಲ್ಲ, ಕೈಕಾಲಿಗೇ ರೂಢಿಯಾಗಬೇಕು.

ತರಬೇತಿಗೆಂದು ಬೆಂಕಿ ಹೊತ್ತಿಸುವುದು ಅಗ್ನಿಕಾಯಿಕ ಜೀವಗಳ ಹಿಂಸೆಯಲ್ಲವೇ ಎಂದು ಹಿರಿಯರು ಕೇಳಬಹುದು. ಕೇಳುವುದು ಸರಿಯೇ. ಕೆಂಪು ಬಟ್ಟೆಯೊಂದನ್ನು ಉರಿಯೆಂದು ಹಾಸಿದರೂ ಅಭ್ಯಾಸ ನಡೆಯುತ್ತದೆ. ಜವಳಿ ಅಂಗಡಿಯಲ್ಲೇ ಮಾಡಿ ನೋಡೋಣ. ಒಬ್ಬ ಹುಡುಗ ಮೇನ್ ಸ್ವಿಚ್ ಆರಿಸಲಿ, ಒಬ್ಬಳು 101ಕ್ಕೋ 112ಕ್ಕೋ ಕರೆ ಮಾಡುವಂತೆ ನಟಿಸಲಿ, ಉಳಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೆವಳುತ್ತ ಹಿಂಬಾಗಿಲು ಹುಡುಕಲಿ. ಹೊಗೆ ಮೇಲಕ್ಕೇರುವುದರಿಂದ ಉಸಿರಾಡುವ ಗಾಳಿ ನೆಲದ ಬಳಿಯೇ ಹೆಚ್ಚು. ಆಗ ತಿಳಿಯುತ್ತದೆ, ಹಿಂಬಾಗಿಲಿಗೆ ಅಡ್ಡಲಾಗಿ ಸೀರೆಯ ಬೇಲುಗಳನ್ನು ಪೇರಿಸಿದ್ದೇವೆಂದು!

ಕರೆ ಮಾಡುವ ಅಭ್ಯಾಸವನ್ನು ನಮ್ಮ ಗಡಿನಾಡಿನಲ್ಲಿ ಹಗುರವಾಗಿ ಕಾಣುವಂತಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಗಾಬರಿಯಲ್ಲಿ ಮಲಯಾಳದ ಮಾತು ನಾಲಗೆಗೆ ಬಾರದು. ಅಂಗಡಿ ಎಲ್ಲಿದೆ, ಹತ್ತಿರದ ಗುರುತೇನು, ಒಳಗೆ ಎಷ್ಟು ಮಂದಿ ಎಂಬ ಮೂರು ವಾಕ್ಯಗಳನ್ನು ಮಕ್ಕಳು ಮಲಯಾಳದಲ್ಲಿ ಬಾಯಿಪಾಠ ಮಾಡಲಿ. ಅಜ್ಜಿಯಂದಿರಿಗೂ ಅವರೇ ಕಲಿಸಲಿ.

ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಳೆದು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಬೇಕು. ಚಿಕ್ಕ ಸಿಲಿಂಡರು ಅರೆ ನಿಮಿಷವೂ ಬಾಳದು. ಸುಟ್ಟ ಗಾಯಕ್ಕೆ ಹಲ್ಲಿನ ಪೇಸ್ಟು ಹಚ್ಚುವ ನಮ್ಮ ಮನೆವೈದ್ಯ ಬೇಡ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೊರಡುವುದು ಮೇಲು.

ದೀಪಾವಳಿಯ ಸರಕು ಗೋದಾಮು ತುಂಬುವ ಮೊದಲೇ ಒಂದು ಭಾನುವಾರ ಗೊತ್ತುಮಾಡಿ, ಉಪ್ಪಳ ಅಥವಾ ಕಾಸರಗೋಡಿನ ಅಗ್ನಿಶಾಮಕ ಠಾಣೆಗೆ ಪತ್ರ ಬರೆದು ಅವರನ್ನು ಕರೆಸಿಕೊಳ್ಳಬಹುದು. ಬಸದಿಯ ಫಲಕದಲ್ಲಿ ದಿನಾಂಕ ಬರೆಯುವ ಹೊಣೆ ಯುವಕ ಮಂಡಲದ್ದು.