ಜೀವಕೋಶದ ಲೆಕ್ಕ ತಪ್ಪಿಸುವ ವೈರಸ್

೧೯೫೧ನೇ ಇಸವಿ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆ ಬಂದರು. ಐದು ಮಕ್ಕಳ ತಾಯಿಯಾದ ಆಕೆಗೆ ಗರ್ಭಕೊರಳಿನ ಕ್ಯಾನ್ಸರ್ ಆಗಿತ್ತು. ಗರ್ಭಕೋಶದ ಕೆಳಭಾಗದ ಕಿರಿದಾದ ತುದಿಯೇ ಗರ್ಭಕೊರಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ೩೧ನೇ ವಯಸ್ಸಿನಲ್ಲಿ, ಆಕೆ ತೀರಿಕೊಂಡರು. ಆದರೆ ಆಕೆಯ ಒಪ್ಪಿಗೆ ಕೇಳದೆಯೇ ಗಡ್ಡೆಯಿಂದ ತೆಗೆದಿದ್ದ ಚೂರೊಂದರ ಜೀವಕೋಶಗಳು ಮಾತ್ರ ಸಾಯಲಿಲ್ಲ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅವು ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆದವು. ‘ಹೀಲಾ’ ಎಂದು ಹೆಸರಾದ ಆ ಕೋಶಗಳ ಸಂತತಿ ಇಂದಿಗೂ ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ವಿಭಜನೆಗೊಳ್ಳುತ್ತಲೇ ಇದೆ.

ಮನುಷ್ಯನ ಸಾಮಾನ್ಯ ಜೀವಕೋಶದಲ್ಲಿ ೪೬ ವರ್ಣತಂತುಗಳಿರುತ್ತವೆ. ಹೀಲಾ ಕೋಶಗಳಲ್ಲಿ ಸಾಮಾನ್ಯವಾಗಿ ೭೦ಕ್ಕೂ ಹೆಚ್ಚು! ಈ ಲೆಕ್ಕ ತಪ್ಪಿದ್ದು ಹೇಗೆ? ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಮೂರು ದಶಕಗಳ ನಂತರ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಮತ್ತು ಸಂಗಡಿಗರು ೧೯೮೩ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ (ಎಚ್‌ಪಿವಿ) ೧೬ನೇ ಬಗೆಯನ್ನೂ ಮರುವರ್ಷ ೧೮ನೇ ಬಗೆಯನ್ನೂ ಪತ್ತೆಮಾಡಿದರು. ಹೀಲಾ ಕೋಶಗಳ ವರ್ಣತಂತುವಿನೊಳಗೂ ೧೮ನೇ ಬಗೆಯ ವೈರಸ್ಸಿನ ಡಿಎನ್‌ಎ ತುಣುಕು ಹೊಕ್ಕು ಕುಳಿತಿತ್ತು. ಈ ಶೋಧಕ್ಕಾಗಿ ಜುರ್ ಹೌಸೆನ್ ೨೦೦೮ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ವೈರಸ್ಸಿನ ಕಿತಾಪತಿ ತಿಳಿಯಬೇಕಾದರೆ ಆರೋಗ್ಯವಂತ ಕೋಶ ಹೇಗೆ ಒಡೆದು ಎರಡಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಬೇಕು. ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿದ್ಯಾರ್ಥಿಗಳಿಗೆ ಇದು ಗೊತ್ತು. ಮೊದಲು ಪ್ರತಿ ವರ್ಣತಂತುವಿನ ನಕಲು ತಯಾರಾಗುತ್ತದೆ. ಬಳಿಕ ಎಲ್ಲವೂ ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ. ಎರಡು ಧ್ರುವಗಳಿಂದ ಬಂದ ಸೂಕ್ಷ್ಮ ಎಳೆಗಳು ಅವನ್ನು ಸಮಪಾಲಾಗಿ ಎರಡೂ ಕಡೆಗೆ ಎಳೆಯುತ್ತವೆ. ಪ್ರಾಣಿಕೋಶಗಳಲ್ಲಿ ಈ ಧ್ರುವಗಳಲ್ಲಿರುವ ಪುಟ್ಟ ಕಾಯವೇ ಸೆಂಟ್ರೋಸೋಮ್. ಅಣ್ಣತಮ್ಮಂದಿರಿಗೆ ಆಸ್ತಿ ಹಂಚಿದಂತೆ ಇಲ್ಲಿ ಪಾಲು ಕರಾರುವಾಕ್ಕಾಗಿರಬೇಕು.

ಈ ಕೆಲಸಕ್ಕೆ ಕಾವಲುಗಾರರೂ ಇದ್ದಾರೆ. ‘ಆರ್‌ಬಿ’ ಎಂಬ ಪ್ರೋಟೀನು, ಸೂಚನೆ ಬರುವವರೆಗೆ ಕೋಶ ವಿಭಜನೆಗೆ ತೊಡಗದಂತೆ ತಡೆಯುತ್ತದೆ. ‘ಪಿ-೫೩’ ಎಂಬ ಇನ್ನೊಂದು ಪ್ರೋಟೀನು ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೆ ವಿಭಜನೆಯನ್ನು ನಿಲ್ಲಿಸುತ್ತದೆ. ದುರಸ್ತಿ ಸಾಧ್ಯವಿಲ್ಲದಿದ್ದರೆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ.

ಎಚ್‌ಪಿವಿ ಬಹಳ ಬಡ ವೈರಸ್. ಅದರ ಡಿಎನ್‌ಎಯಲ್ಲಿ ಇರುವುದು ಸುಮಾರು ೮,೦೦೦ ಅಕ್ಷರ ಜೋಡಿಗಳು ಮಾತ್ರ. ತನ್ನ ನಕಲು ಮಾಡಿಕೊಳ್ಳುವ ಯಂತ್ರೋಪಕರಣಕ್ಕೆ ಅದು ಆತಿಥೇಯ ಕೋಶವನ್ನೇ ನೆಚ್ಚಿಕೊಂಡಿದೆ. ಆದರೆ ಅದು ಮರಿಹಾಕುವ ಮೇಲ್ಪದರದ ಕೋಶಗಳು ವಿಭಜನೆ ನಿಲ್ಲಿಸಿ ವಿಶ್ರಾಂತಿಗೆ ತೆರಳಿರುತ್ತವೆ. ಅವುಗಳನ್ನು ಮತ್ತೆ ಕೆಲಸಕ್ಕೆ ಎಬ್ಬಿಸಲು ವೈರಸ್ ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ‘ಇ-೭’ ಎಂಬುದು ಆರ್‌ಬಿಯ ಕೈ ಕಟ್ಟುತ್ತದೆ. ‘ಇ-೬’ ಎಂಬುದು ಪಿ-೫೩ ನಾಶವಾಗುವಂತೆ ಮಾಡುತ್ತದೆ. ಇಷ್ಟೇ ಸಾಲದೆಂಬಂತೆ ಇ-೭ರ ಹಾವಳಿಯಿಂದ ಸೆಂಟ್ರೋಸೋಮ್‌ಗಳ ಸಂಖ್ಯೆಯೂ ಹೆಚ್ಚಬಹುದು. ಎರಡು ಧ್ರುವಗಳಿರಬೇಕಾದ ಕಡೆ ಮೂರೋ ನಾಲ್ಕೋ ಆದರೆ ವರ್ಣತಂತುಗಳು ದಿಕ್ಕಾಪಾಲಾಗುತ್ತವೆ. ಒಂದು ಮರಿಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ತಡೆಯಬೇಕಾದ ಕಾವಲುಗಾರ ಇಲ್ಲದ್ದರಿಂದ ಕೆಟ್ಟ ಕೋಶಗಳೂ ಬದುಕುಳಿದು ಮತ್ತೆ ಒಡೆಯುತ್ತವೆ. ತಪ್ಪಿನ ಮೇಲೆ ತಪ್ಪು ಪೇರಿಕೊಂಡು ಕೊನೆಗೊಂದು ದಿನ ಕ್ಯಾನ್ಸರ್ ಆಗುತ್ತದೆ.

ಸೋಜಿಗವೆಂದರೆ ಇದರಿಂದ ವೈರಸ್ಸಿಗೆ ಲಾಭವೇನೂ ಇಲ್ಲ. ಮನುಷ್ಯನ ವರ್ಣತಂತುವಿನೊಳಗೆ ಅದರ ಡಿಎನ್‌ಎ ತುಂಡಾಗಿ ಸೇರಿಹೋದರೆ ಅಲ್ಲಿಂದ ಹೊಸ ವೈರಸ್‌ಗಳು ಹುಟ್ಟುವುದಿಲ್ಲ. ಕ್ಯಾನ್ಸರ್ ಅದರ ಪಾಲಿಗೂ ಒಂದು ಅಪಘಾತ. ಪ್ರಯೋಗಾಲಯದಲ್ಲಿ ಹೀಲಾ ಕೋಶಗಳ ಇ-೬, ಇ-೭ ವಂಶವಾಹಿಗಳ ಬಾಯಿ ಮುಚ್ಚಿಸಿದಾಗ ಪಿ-೫೩ ಮತ್ತೆ ತಲೆಯೆತ್ತಿ, ಆ ಕೋಶಗಳ ವಿಭಜನೆಯೂ ನಿಂತಿದೆ.

ಹಾಗೆಂದು ಸೋಂಕು ತಗುಲಿದವರೆಲ್ಲ ಹೆದರಬೇಕಾಗಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಅತಿ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಹೊರಹಾಕುತ್ತದೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ೧೫ರಿಂದ ೨೦ ವರ್ಷ ಬೇಕು. ಆದರೂ ೨೦೨೦ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು ೧.೨೩ ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು. ೭೭ ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರು. ತಡೆಯಬಹುದಾದ ಕಾಯಿಲೆಗೆ ಇಷ್ಟು ತಾಯಂದಿರು ಬಲಿಯಾಗುವುದು ದುಃಖದ ಸಂಗತಿ.

ತಡೆಯುವ ಉಪಾಯಗಳು ಎರಡು. ಮೊದಲನೆಯದು ಲಸಿಕೆ. ೨೦೦೬ರಲ್ಲಿ ಬಳಕೆಗೆ ಬಂದ ಈ ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ. ಅದರಲ್ಲಿ ವೈರಸ್ಸಿನ ಡಿಎನ್‌ಎ ಇಲ್ಲ, ಇ-೬ ಇಲ್ಲ, ಇ-೭ ಇಲ್ಲ. ಆದ್ದರಿಂದ ಲಸಿಕೆಯಿಂದಲೇ ಸೋಂಕು ತಗುಲೀತೆಂಬ ಭಯಕ್ಕೆ ಆಧಾರವಿಲ್ಲ. ಈಗಾಗಲೇ ಒಳಸೇರಿದ ವೈರಸ್ಸನ್ನು ಅದು ಓಡಿಸಲಾರದು. ಹಾಗಾಗಿಯೇ ೯ರಿಂದ ೧೪ ವರ್ಷದ ಹೆಣ್ಣುಮಕ್ಕಳಿಗೆ, ಸೋಂಕಿನ ಸಾಧ್ಯತೆಗೆ ಮುನ್ನವೇ, ಲಸಿಕೆ ಕೊಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸ್ವದೇಶಿ ಲಸಿಕೆ ‘ಸರ್ವಾವ್ಯಾಕ್’ ೨೦೨೩ರಲ್ಲಿ ಬಿಡುಗಡೆಯಾಯಿತು.

ಎರಡನೆಯದು ತಪಾಸಣೆ. ಕೋಶಗಳು ದಾರಿ ತಪ್ಪಲು ತೊಡಗಿದಾಗಲೇ ಪತ್ತೆಯಾದರೆ ಸಣ್ಣ ಚಿಕಿತ್ಸೆಯಲ್ಲೇ ಗುಣಪಡಿಸಬಹುದು. ೩೦ ದಾಟಿದ ಮಹಿಳೆಯರು, ಲಸಿಕೆ ಪಡೆದವರೂ ಸೇರಿದಂತೆ, ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೆನ್ರಿಯೆಟ್ಟಾ ಲ್ಯಾಕ್ಸ್ ಕಾಲದಲ್ಲಿ ಈ ತಿಳಿವಳಿಕೆ ವೈದ್ಯರಿಗೂ ಇರಲಿಲ್ಲ. ಇಂದು ಅದು ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿದೆ. ಮಗಳ ಲಸಿಕೆಯ ಬಗ್ಗೆ, ತಾಯಿಯ ತಪಾಸಣೆಯ ಬಗ್ಗೆ ಮನೆಯಲ್ಲಿ ಸಂಕೋಚವಿಲ್ಲದೆ ಮಾತನಾಡಿ ವೈದ್ಯರ ಸಲಹೆ ಪಡೆಯುವುದಷ್ಟೇ ಇನ್ನು ಉಳಿದಿರುವ ಕೆಲಸ.