ಬೆಕ್ಕಿನ ಮನಃಕ್ಲೇಶ ಮತ್ತು ಗೃಹನೈರ್ಮಲ್ಯ

ಬಂಗಾಳದ ಷಷ್ಠೀದೇವಿಗೆ ಬೆಕ್ಕೇ ವಾಹನ. ಆ ದೇವಿಯ ವ್ರತಕಥೆಯೊಂದರಲ್ಲಿ ಸೊಸೆಯೊಬ್ಬಳು ಅಡಿಗೆಮನೆಯ ತಿನಿಸನ್ನು ತಾನೇ ಕದ್ದು ತಿಂದು ಅಪವಾದವನ್ನು ಬೆಕ್ಕಿನ ಮೇಲೆ ಹೊರಿಸುತ್ತಾಳೆ. ಅದರ ಫಲವಾಗಿ ಮಕ್ಕಳನ್ನು ಕಳೆದುಕೊಂಡು, ತಪ್ಪೊಪ್ಪಿಕೊಂಡ ಮೇಲೆ ಮರಳಿ ಪಡೆಯುತ್ತಾಳೆ. ಬೆಕ್ಕಿನ ಮೇಲೆ ಸುಳ್ಳು ಅಪವಾದ ಹೊರಿಸುವುದು ಇಂದಿಗೂ ನಿಂತಿಲ್ಲ.

ಊರಿನ ಹೆಂಚಿನ ಮನೆಯಲ್ಲಿ ಬೆಕ್ಕಿಗೆ ಹಿತ್ತಿಲ ಮಣ್ಣಿದ್ದಿತು. ಕೋಲ್ಕತ್ತಾದ ಫ್ಲಾಟಿನಲ್ಲಿರುವುದು ಮರಳಿನ ತಟ್ಟೆ ಮಾತ್ರ. ಎರಡು ಮೂರು ಬೆಕ್ಕುಗಳಿರುವ ಮನೆಯಲ್ಲಿ ಒಂದು ಬೆಕ್ಕು ಆ ತಟ್ಟೆಯನ್ನು ಬಿಟ್ಟು ಹಾಸಿಗೆಯ ಮೇಲೆ ಮೂತ್ರ ಮಾಡಿದರೆ, ಅದನ್ನು ಸೇಡೆಂದು ಭಾವಿಸಿ ಹೊಡೆಯುವವರುಂಟು. ಬೀದಿಗೆ ಬಿಟ್ಟುಬರುವವರೂ ಉಂಟು. ವಾಸ್ತವವಾಗಿ ಅದು ಸೇಡಲ್ಲ, ದೇಹದ ಅಥವಾ ಮನಸ್ಸಿನ ಕ್ಲೇಶದ ಸೂಚನೆ.

ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕಿನ ವಂಶದಲ್ಲಿ ಹುಟ್ಟಿದ ಈ ಪ್ರಾಣಿಗೆ ಆಹಾರ, ನಿದ್ರೆ ಹಾಗೂ ಮಲಮೂತ್ರದ ಸ್ಥಳಗಳನ್ನು ಇತರರೊಡನೆ ಹಂಚಿಕೊಳ್ಳುವುದು ಸುಲಭವಲ್ಲ. ಬಲಿಷ್ಠ ಬೆಕ್ಕು ತಟ್ಟೆಯ ದಾರಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮನೆಯವರ ಕಣ್ಣಿಗೆ ಅದು ವಿಶ್ರಾಂತಿ. ದುರ್ಬಲ ಬೆಕ್ಕಿಗೆ ಅದು ಕಾವಲು. ಹೊಸ ಬೆಕ್ಕಿನ ಆಗಮನ, ಮನೆಯ ಬದಲಾವಣೆ, ಕಾಳೀಪೂಜೆಯ ಪಟಾಕಿಗಳ ಸದ್ದು ಈ ಅಂಜಿಕೆಯನ್ನು ಹೆಚ್ಚಿಸುತ್ತವೆ.

ಸೋಂಕಿಲ್ಲದೆಯೇ ಬೆಕ್ಕಿನ ಮೂತ್ರಕೋಶ ಉರಿಯೂತಕ್ಕೊಳಗಾಗುವುದುಂಟು. ಮಾನಸಿಕ ಒತ್ತಡಕ್ಕೂ ಈ ವ್ಯಾಧಿಗೂ ಇರುವ ಸಂಬಂಧವನ್ನು ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮೊದಲಾದ ಪಶುವೈದ್ಯರು ತೋರಿಸಿಕೊಟ್ಟಿದ್ದಾರೆ. ನೋವುಂಡ ಬೆಕ್ಕು, ನೋವಿಗೆ ತಟ್ಟೆಯೇ ಕಾರಣವೆಂಬಂತೆ ಅದನ್ನು ತ್ಯಜಿಸುತ್ತದೆ. ಆದುದರಿಂದ ಮೊದಲು ಆಗಬೇಕಾದುದು ಪಶುವೈದ್ಯರ ಪರೀಕ್ಷೆ. 1893ರಷ್ಟು ಹಿಂದೆಯೇ ಬೆಲ್ಗಾಛಿಯಾದಲ್ಲಿ ಪಶುವೈದ್ಯ ಕಾಲೇಜು ಸ್ಥಾಪನೆಗೊಂಡ ನಗರವಿದು. ಗಂಡು ಬೆಕ್ಕು ಪದೇ ಪದೇ ತಿಣುಕಿದರೂ ಮೂತ್ರ ಬಾರದಿದ್ದರೆ, ಮೂತ್ರನಾಳ ಕಟ್ಟಿರಬಹುದೆಂದು ಶಂಕಿಸಿ ಆ ಕ್ಷಣವೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ನಾಳೆ ನೋಡೋಣವೆಂದರೆ ಪ್ರಾಣಹಾನಿಯಾದೀತು.

ರೋಗವಿಲ್ಲವೆಂದು ತಿಳಿದ ಮೇಲೆ ಮನೆಯ ವ್ಯವಸ್ಥೆಯನ್ನು ತಿದ್ದಬೇಕು. ಇದರ ಲೆಕ್ಕ ಸರಳ: ಬೆಕ್ಕುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬೇಕಾದ ತಟ್ಟೆಗಳ ಸಂಖ್ಯೆ ಬರುತ್ತದೆ. ಎರಡು ಬೆಕ್ಕುಗಳಿಗೆ ಮೂರು ತಟ್ಟೆ. ಆದರೆ ಮೂರನ್ನೂ ಸಾಲಾಗಿ ಇಟ್ಟರೆ ಪ್ರಯೋಜನವಿಲ್ಲ; ಒಂದೇ ಬೆಕ್ಕು ಮೂರನ್ನೂ ಕಾಯಬಲ್ಲದು. ಬಾಲ್ಕನಿ, ಸ್ನಾನದ ಮನೆ, ಕೋಣೆಯ ಮೂಲೆ ಹೀಗೆ ಪ್ರತ್ಯೇಕವಾಗಿಡಬೇಕು. ತಟ್ಟೆ ವಿಶಾಲವಾಗಿಯೂ ಮರಳು ಸುಗಂಧರಹಿತವಾಗಿಯೂ ಇರಲಿ. ಆಹಾರದ ಬಟ್ಟಲುಗಳೂ ದೂರ ದೂರವಿರಲಿ.

ಮಲವನ್ನು ಪ್ರತಿದಿನವೂ ತೆಗೆಯುವುದು ಮನುಷ್ಯರ ಆರೋಗ್ಯಕ್ಕೂ ಅಗತ್ಯ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುತ್ತದೆ. ಗರ್ಭಿಣಿಯರು ಈ ಕೆಲಸವನ್ನು ಇತರರಿಗೆ ವಹಿಸುವುದು ಕ್ಷೇಮ. ನೆಲ ಒರೆಸಲು ಫಿನಾಯಿಲ್ ಬೇಡ. ಅದು ಬೆಕ್ಕಿಗೆ ವಿಷ. ಅಮೋನಿಯಾ ಬೆರೆತ ದ್ರವವೂ ಸಲ್ಲದು. ಅದರ ವಾಸನೆ ಮೂತ್ರವನ್ನೇ ಹೋಲುವುದರಿಂದ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ.

ದಂಡನೆಯಿಂದ ಭಯ ಹೆಚ್ಚುತ್ತದೆ. ಭಯದಿಂದ ಅಭ್ಯಾಸ ಮತ್ತಷ್ಟು ಕೆಡುತ್ತದೆ. ಬಾಯಿಲ್ಲದ ಪ್ರಾಣಿ ತನ್ನ ಕಷ್ಟವನ್ನು ಹೇಳಿಕೊಳ್ಳಲಾರದು. ಮುಂದೊಮ್ಮೆ ಹಾಸಿಗೆ ಒದ್ದೆಯಾದಾಗ ಗೃಹಸ್ಥರು ಕೋಲಿನ ಕಡೆಗೆ ಕೈಚಾಚುವ ಮುನ್ನ, ಮರಳಿನ ತಟ್ಟೆಯ ದಾರಿಯಲ್ಲಿ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಲಿ.